ಅಡಿಟಿಪ್ಪಣಿಯಲ್ಲಿ ‘ಸಂ.’ ಅಂದರೆ ಸಂಪುಟವೋ, ಸಂಪಾದಕರೋ? ಸಂಕ್ಷೇಪಗಳ ಬಗ್ಗೆ ಸಹಾಯ ಬೇಕು

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಬಂಧ ಕನ್ನಡದಲ್ಲೇ. ವಿಷಯ ಶಿವಮೊಗ್ಗ ಸೀಮೆಯ ಶಾಸನಗಳು. ಅಧ್ಯಾಯಗಳೆಲ್ಲ ಮುಗಿದಿವೆ, ಈಗ ಅಡಿಟಿಪ್ಪಣಿ ತಿದ್ದುವ ಕೆಲಸ. ನನ್ನ ಗೈಡ್ ಕರಡು ನೋಡಿ ಅಂಚಿನಲ್ಲಿ ‘ಸಂಕ್ಷೇಪಗಳು ಏಕರೂಪವಾಗಿಲ್ಲ’ ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಎಲ್ಲಿ, ಹೇಗೆ ಅಂತ ಹೇಳಿಲ್ಲ. ಕೇಳೋಣ ಅಂದರೆ ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಿದ್ದಾರೆ.

ನನ್ನ ಗೊಂದಲ ಇದು. ಚುಕ್ಕಿ ಇಡಬೇಕೋ ಬೇಡವೋ? ಯುಜಿಸಿ ಅಂತ ಬರೆಯಲೋ, ಯು.ಜಿ.ಸಿ. ಅಂತಲೋ? ಇಂಗ್ಲಿಷ್ ಪುಸ್ತಕಗಳಲ್ಲಿ ಇರುವ ‘ಐಬಿಡ್’ (ಹಿಂದಿನ ಟಿಪ್ಪಣಿಯ ಆಕರವೇ), ‘ಆಪ್ ಸಿಟ್’ (ಮೊದಲೇ ಹೇಳಿದ ಪುಸ್ತಕ) ಇವನ್ನೆಲ್ಲ ಕನ್ನಡ ಲಿಪಿಯಲ್ಲಿ ಹಾಗೇ ಇಳಿಸಬಹುದಾ? ಮಾದರಿಗೆ ನನ್ನದೇ ಒಂದು ಟಿಪ್ಪಣಿ ಹಾಕಿದ್ದೇನೆ. ತಾಳಗುಂದ ಸ್ತಂಭ ಶಾಸನದ್ದು:

‘ಎ.ಕ., ಸಂ. 7, ಶಿ. 176, ಸಂ. ಬಿ.ಎಲ್. ರೈಸ್.’

ಇದರಲ್ಲಿ ತಪ್ಪೇನಿದೆ ಅಂತ ನನಗಂತೂ ಕಾಣುತ್ತಿಲ್ಲ.

ಬಿಸಿಲೂರು:
ಚುಕ್ಕಿ ಇಡಿ ಸುಮ್ನೆ. ಯಾರೂ ಬೈಯಲ್ಲ.

ಕರಡು ತಿದ್ದುವವಳು:
ತುಂಗಾತೀರ ಅವರೇ, ಚುಕ್ಕಿಯ ವಿಷಯ ಆಮೇಲೆ. ಮೊದಲು ಆ ಟಿಪ್ಪಣಿಯನ್ನೇ ನೋಡೋಣ. ಒಂದೇ ಸಾಲಿನಲ್ಲಿ ‘ಸಂ.’ ಎರಡು ಸಲ ಬಂದಿದೆ. ಮೊದಲನೆಯದು ಸಂಪುಟ, ಎರಡನೆಯದು ಸಂಪಾದಕರು. ನಿಮಗೆ ಗೊತ್ತು, ನಿಮ್ಮ ಗೈಡ್‌ಗೂ ಗೊತ್ತು. ಹೊರಗಿನ ಪರೀಕ್ಷಕರು ಊಹೆ ಮಾಡಬೇಕು.

ನಾನು ಸಂಶೋಧನಾ ಪತ್ರಿಕೆಗಳ ಪ್ರೂಫ್ ನೋಡುತ್ತೇನೆ. ಅಲ್ಲಿ ಇದಕ್ಕಿಂತ ಕೆಟ್ಟ ಸಾಲು ಬರುತ್ತವೆ: ‘ಸಂ. 12, ಸಂ. 3’ ಅಂತ. ಸಂಪುಟ 12, ಸಂಚಿಕೆ 3 ಅಂತ ಇರಬೇಕು. ಅದರ ಪಕ್ಕದಲ್ಲೇ ಶಾಸನದ ಸಂಖ್ಯೆ ಬಂದರೆ ಅದಕ್ಕೂ ‘ಸಂ.’ ಪತ್ರಿಕೆಯ ಸಂಪಾದಕರ ಹೆಸರು ಕೊಟ್ಟರೆ ಅವರಿಗೂ ‘ಸಂ.’ ಸಂಪುಟ, ಸಂಚಿಕೆ, ಸಂಖ್ಯೆ, ಸಂಪಾದಕ. ನಾಲ್ಕೂ ಒಂದೇ ಅಕ್ಷರದಿಂದ ಶುರು. ಇಂಗ್ಲಿಷಿನಲ್ಲಿ ಈ ತಾಪತ್ರಯ ಇಲ್ಲ. ವಾಲ್ಯೂಮ್, ಇಶ್ಯೂ, ನಂಬರ್, ಎಡಿಟರ್ ಎಲ್ಲಕ್ಕೂ ಬೇರೆ ಬೇರೆ ಮೊದಲಕ್ಷರ. ಅಲ್ಲಿನ ಪದ್ಧತಿ ನೋಡಿ ನಾವು ಮೊದಲಕ್ಷರ ಕತ್ತರಿಸಿ ಇಟ್ಟುಕೊಂಡೆವು, ಕನ್ನಡದಲ್ಲಿ ಅದು ಕೂರಲಿಲ್ಲ.

ನಾನು ಹಾಕಿಸುವುದು ಹೀಗೆ. ಸಂಪುಟಕ್ಕೆ ಸಂಪು. ಸಂಚಿಕೆಗೆ ಸಂಚಿ. ಸಂಪಾದಕರಿಗೆ ಸಂಪಾ. ‘ಸಂಖ್ಯೆ’ ಅನ್ನೋದನ್ನ ಪೂರ್ತಿ ಬರೆಯಿರಿ. ಎರಡೇ ಅಕ್ಷರದ ಪದ, ಅದನ್ನು ಕತ್ತರಿಸಿ ಉಳಿಸೋದೇನಿದೆ? ಇದೇ ಕಾಟ ‘ಪ್ರ.’ದಲ್ಲೂ ಇದೆ. ಪ್ರಕಾಶಕರು, ಪ್ರಥಮ ಮುದ್ರಣ, ಪ್ರಧಾನ ಸಂಪಾದಕರು ಎಲ್ಲ ಅಲ್ಲೇ ಬಂದು ಕೂರುತ್ತಾರೆ. ‘ಅ.’ ಅಂದರೆ ಅಧ್ಯಾಯವೂ ಹೌದು, ಅನುವಾದವೂ ಹೌದು. ಎರಡು ಪದಕ್ಕೆ ಒಂದೇ ಸಂಕ್ಷೇಪ ಬರುತ್ತದೆ ಅಂತ ಕಂಡ ತಕ್ಷಣ ಇನ್ನೊಂದು ಅಕ್ಷರ ಸೇರಿಸಿ. ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

ಶಾಸನಪ್ರಿಯ:
ಮೇಡಂ ಹೇಳಿದ್ದು ಸರಿ. ಆದರೆ ಆ ಟಿಪ್ಪಣಿಯಲ್ಲಿ ಇನ್ನೂ ದೊಡ್ಡ ಹೊಂಡ ಇದೆ. ಎ.ಕ. ಅಂದರೆ ಎಪಿಗ್ರಾಫಿಯಾ ಕರ್ನಾಟಿಕ, ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳ ಮಾಲೆ. ‘ಎ.ಕ. 7’ ಅಂದರೆ ಯಾವ ಎಪಿಗ್ರಾಫಿಯಾ ಕರ್ನಾಟಿಕ?

ರೈಸ್ ಅವರ ಮಾಲೆ 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಯಿತು. ಅದರಲ್ಲಿ 7ನೆಯ ಸಂಪುಟ ಶಿವಮೊಗ್ಗ ಜಿಲ್ಲೆಯದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಮಾಲೆ ತರುತ್ತಿದೆ. ಅದರ ಸಂಪುಟಗಳ ವಿಂಗಡಣೆಯೇ ಬೇರೆ. ಪರಿಷ್ಕೃತ 7ನೆಯ ಸಂಪುಟ ಮಂಡ್ಯ ಜಿಲ್ಲೆಯದು. ನಾಗಮಂಗಲ, ಮದ್ದೂರು, ಮಳವಳ್ಳಿ ಕಡೆಯ ಶಾಸನಗಳು. 9ನೆಯದನ್ನೂ ನೋಡಿ. ರೈಸ್ ಅವರದು ಬೆಂಗಳೂರು, ಪರಿಷ್ಕೃತ ಬೇಲೂರು. ನೀವು ‘ಎ.ಕ. 7’ ಅಂತ ಬರೆದರೆ ಲೈಬ್ರರಿಯಲ್ಲಿ ಕಪಾಟಿನಿಂದ ಹೊಸ ಸಂಪುಟ ತೆಗೆದವನು ತಾಳಗುಂದವನ್ನು ಮಂಡ್ಯದಲ್ಲಿ ಹುಡುಕುತ್ತಾ ಕೂರುತ್ತಾನೆ.

ಅದಕ್ಕೇ ಪರಿಷ್ಕೃತ ಮಾಲೆಗೆ ಆವರಣದಲ್ಲಿ ‘ಪ’ ಅಂತ ಹಾಕುವುದು ಒಳ್ಳೆಯದು: ಎ.ಕ. (ಪ) 7. ಹಳೆಯದಕ್ಕೆ ಬರೀ ಎ.ಕ. ಇಲ್ಲವೇ ಎ.ಕ. (ರೈಸ್).

ಇನ್ನು ‘ಶಿ. 176’. ಶಿ. ಅಂದರೆ ಶಿಕಾರಿಪುರ ತಾಲ್ಲೂಕು ಅಂತ ನಿಮ್ಮ ಲೆಕ್ಕ. ಶಿವಮೊಗ್ಗ ತಾಲ್ಲೂಕಿನ ಶಾಸನಗಳೂ ಅದೇ 7ನೆಯ ಸಂಪುಟದಲ್ಲೇ ಇವೆಯಲ್ಲ! ನಾಳೆ ತುಮಕೂರು ಜಿಲ್ಲೆಯ ಶಾಸನ ಉಲ್ಲೇಖಿಸಿದರೆ ಶಿರಾ ಬೇರೆ ಬರುತ್ತದೆ. ರೈಸ್ ಇಂಗ್ಲಿಷಿನಲ್ಲಿ ಎರಡೆರಡು ಅಕ್ಷರ ಇಟ್ಟು ತಾಲ್ಲೂಕುಗಳನ್ನು ಬೇರೆ ಮಾಡಿದ್ದರು. ನಾವು ಕನ್ನಡಕ್ಕೆ ತರುವಾಗ ಒಂದಕ್ಷರಕ್ಕೆ ಇಳಿಸಿಬಿಟ್ಟೆವು. ಶಿಕಾ. 176 ಅಂತ ಮಾಡಿಕೊಳ್ಳಿ.

ತುಂಗಾತೀರ:
ಅಯ್ಯೋ ಸರ್, ಒಂದು ಸಾಲಿನಲ್ಲಿ ಇಷ್ಟೊಂದಾ! ನನ್ನ ಬಳಿ ಇಂಥವು ನೂರಾರು ಇವೆ. ಇನ್ನೊಂದು ಕೇಳಬೇಕಿತ್ತು. ಕೆಲವು ಲೇಖನಗಳಲ್ಲಿ ಎ.ಕ. ಅಂತಿದೆ, ಕೆಲವರಲ್ಲಿ ಇ.ಸಿ. ಅಂತಿದೆ. ಎರಡೂ ಒಂದೇ ಅಲ್ವಾ?

ಶಾಸನಪ್ರಿಯ:
ಒಂದೇ. ಇ.ಸಿ. ಅಂದರೆ ಇಂಗ್ಲಿಷ್ ಮೊದಲಕ್ಷರಗಳನ್ನು ಕನ್ನಡದಲ್ಲಿ ಬರೆದದ್ದು. ಎ.ಕ. ಅಂದರೆ ಹೆಸರನ್ನು ಕನ್ನಡದಲ್ಲಿ ಬರೆದು ಅದರ ಮೊದಲಕ್ಷರ ತೆಗೆದದ್ದು. ಯಾವುದಾದರೂ ಆಗಬಹುದು, ಆದರೆ ಆ ದಾರಿ ಎಲ್ಲ ಆಕರಗಳಿಗೂ ಒಂದೇ ಇರಲಿ. ಎ.ಕ. ಅಂತ ಬರೆದವರು ಎಪಿಗ್ರಾಫಿಯಾ ಇಂಡಿಕಾಗೆ ಎ.ಇಂ. ಅನ್ನಬೇಕು. ಅಲ್ಲಿ ಮಾತ್ರ ಇ.ಐ. ಅಂದರೆ ಓದುವವನಿಗೆ ಬೇರೆ ಯಾವುದೋ ಪುಸ್ತಕ ಅನ್ನಿಸುತ್ತದೆ. ಪಕ್ಕದಲ್ಲೇ ಇಂಡಿಯನ್ ಆಂಟಿಕ್ವರಿಯ ಐ.ಎ. ಕೂಡ ಇದ್ದರೆ ಮುಗಿದೇ ಹೋಯಿತು, ಇ.ಐ., ಐ.ಎ. ಅದಲು ಬದಲಾದದ್ದನ್ನು ನಾನು ಅಚ್ಚಾದ ಪುಸ್ತಕಗಳಲ್ಲೇ ನೋಡಿದ್ದೇನೆ. ಹಲ್ಮಿಡಿ ಶಾಸನಕ್ಕೆ ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯನ್ನು ಕೊಡುತ್ತಾರಲ್ಲ, ಆ ‘ಮೈಸೂರು ಆರ್ಕಿಯಲಾಜಿಕಲ್ ರಿಪೋರ್ಟ್’ ಒಬ್ಬರಲ್ಲಿ ಎಂ.ಎ.ಆರ್., ಇನ್ನೊಬ್ಬರಲ್ಲಿ ಮೈ.ಆ.ರಿ. ಹೊಸಬರಿಗೆ ಇವೆರಡೂ ಒಂದೇ ಅಂತ ಗೊತ್ತಾಗೋದು ಹೇಗೆ?

ಫಾಂಟು ಫಜೀತಿ:
ಚುಕ್ಕಿ ಬೇಕಾ ಬೇಡವಾ ಅನ್ನೋದಕ್ಕೆ ನನ್ನದೊಂದು ತಾಂತ್ರಿಕ ಕಾರಣ ಇದೆ. ಆರ್‌ಟಿಸಿ ಅಂತ ಟೈಪ್ ಮಾಡಿ ನೋಡಿ. ‘ರ್’ ಆದ ಮೇಲೆ ಸುಮ್ನೆ ‘ಟಿ’ ಒತ್ತಿದರೆ ಅದು ‘ಆರ್ಟಿಸಿ’ ಆಗುತ್ತದೆ. ಎಸ್‌ಬಿಐ ‘ಎಸ್ಬಿಐ’ ಆಗುತ್ತದೆ. ಒತ್ತಕ್ಷರ ಆಗದ ಹಾಗೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ‘ನುಡಿ’ ತಂತ್ರಾಂಶದ ಹಳೇ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಇದು ಕೆಲವೊಮ್ಮೆ ಬಿದ್ದುಹೋಗುತ್ತದೆ. ಅರ್ಧ ಪ್ರಬಂಧದಲ್ಲಿ ಇದ್ದು ಅರ್ಧದಲ್ಲಿ ಇಲ್ಲದಿದ್ದರೆ ಹುಡುಕಾಟದಲ್ಲೂ ಸಿಗಲ್ಲ. ನೀವು ‘ಎಲ್ಲ ಬದಲಾಯಿಸು’ ಒತ್ತಿ ನಿಶ್ಚಿಂತೆಯಿಂದ ಇರುತ್ತೀರಿ, ಅರ್ಧ ಹಾಗೇ ಉಳಿದಿರುತ್ತದೆ.

ಆರ್.ಟಿ.ಸಿ. ಅಂತ ಚುಕ್ಕಿ ಇಟ್ಟರೆ ಈ ರಗಳೆಯೇ ಇಲ್ಲ. ನನ್ನ ಓಟು ಚುಕ್ಕಿಗೆ.

ಹೈಸ್ಕೂಲ್ ಮೇಷ್ಟ್ರು:
ನನ್ನದು ಉಲ್ಟಾ ಓಟು. ಚುಕ್ಕಿ ಇಟ್ಟ ಮೇಲೆ ವಿಭಕ್ತಿ ಎಲ್ಲಿ ಸೇರಿಸುತ್ತೀರಿ? ಕ.ಸಾ.ಪ.ಕ್ಕೆ, ಯು.ಜಿ.ಸಿ.ಯಿಂದ, ಕಿ.ಮೀ.ಗೆ. ನೋಡಲು ಚೆನ್ನಾಗಿದೆಯಾ? ಪತ್ರಿಕೆಗಳವರು ಯಾವತ್ತೋ ಕಸಾಪ, ಜಿಪಂ, ತಾಪಂ, ಬಿಬಿಎಂಪಿ ಅಂತ ಚುಕ್ಕಿ ಬಿಟ್ಟಿದ್ದಾರೆ. ಓದುಗರಿಗೆ ಅರ್ಥವಾಗದೆ ಹೋಯಿತೇ? ಕನ್ನಡ ಪ್ರತ್ಯಯ ಅಂಟಿಸುವ ಭಾಷೆ. ಚುಕ್ಕಿ ಅದರ ನಡುವೆ ಅಡ್ಡ ಬರುತ್ತದೆ.

ಕರಡು ತಿದ್ದುವವಳು:
ಸರ್, ಪತ್ರಿಕೆಯ ಮಾತು ಬೇರೆ. ಜಿಲ್ಲಾ ಆವೃತ್ತಿಯ ಓದುಗರಿಗೆ ಜಿಪಂ ದಿನಾ ಕಣ್ಣಿಗೆ ಬೀಳುವ ಪದ. ಪ್ರಬಂಧದಲ್ಲಿ ನೀವೇ ಮಾಡಿಕೊಂಡ ಸಂಕ್ಷೇಪ ಇರುತ್ತದೆ. ಅದನ್ನು ಓದುವವರು ಅಲ್ಲೇ ಮೊದಲ ಸಲ ನೋಡುತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಚುಕ್ಕಿ ತೆಗೆದರೂ ದೊಡ್ಡಕ್ಷರ ಇರುತ್ತದೆ, ಇದು ಸಂಕ್ಷೇಪ ಅಂತ ಗೊತ್ತಾಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ‘ಶಿಕಾ 176’ ಅಂತ ಚುಕ್ಕಿ ಇಲ್ಲದೆ ಬರೆದರೆ ಅದು ಯಾವುದೋ ಊರಿನ ಹೆಸರು ಅನ್ನಿಸುತ್ತದೆ.

ನಾನು ಹೀಗೆ ನಡೆಸುತ್ತೇನೆ. ಒಂದೇ ಪದದ ಹಾಗೆ ಉಚ್ಚರಿಸುವುದಕ್ಕೆ ಚುಕ್ಕಿ ಬೇಡ: ಇಸ್ರೊ, ಯುನೆಸ್ಕೊ. ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವ ಯುಜಿಸಿ, ಡಿಎನ್‌ಎ ಥರದವಕ್ಕೂ ಬೇಡ, ಅವಕ್ಕೆ ಪ್ರತ್ಯಯ ಜಾಸ್ತಿ ಹತ್ತುತ್ತದೆ. ಕನ್ನಡ ಪದ ಕತ್ತರಿಸಿ ಮಾಡಿದ್ದಕ್ಕೆ ಚುಕ್ಕಿ ಬೇಕು: ಸಂಪು., ಪು., ಎ.ಕ., ಶಿಕಾ. ಇವು ಅಡಿಟಿಪ್ಪಣಿಯಲ್ಲೇ ಇರುವುದರಿಂದ ವಿಭಕ್ತಿಯ ಗೋಜೂ ಕಡಿಮೆ. ಮುಖ್ಯ ಪಠ್ಯದಲ್ಲಿ ಬಂದರೆ ವಿಭಕ್ತಿ ಹಚ್ಚಬೇಡಿ, ಪೂರ್ತಿ ಪದ ಬರೆದುಬಿಡಿ. ‘ಕಸಾಪಕ್ಕೆ’ ಸರಿಯೋ ‘ಕಸಾಪಗೆ’ ಸರಿಯೋ ಅಂತ ತಲೆ ಕೆಡಿಸಿಕೊಳ್ಳುವ ಬದಲು ‘ಪರಿಷತ್ತಿಗೆ’ ಅಂದರೆ ಮುಗಿಯಿತು.

ಮತ್ತೆ ಪಿಎಚ್.ಡಿ. ಇದರಲ್ಲಿ ಪಿ ಮತ್ತು ಎಚ್ ನಡುವೆ ಚುಕ್ಕಿ ಬರಲ್ಲ. ಅವೆರಡೂ ಸೇರಿ ಫಿಲಾಸಫಿ ಅನ್ನುವ ಒಂದೇ ಪದದ ಮೊದಲ ಭಾಗ. ಮುಖಪುಟದಲ್ಲೇ ‘ಪಿ.ಎಚ್.ಡಿ. ಪದವಿಗಾಗಿ’ ಅಂತ ಬರೆದ ಪ್ರಬಂಧಗಳು ಬೇಕಾದಷ್ಟಿವೆ.

ಹೈಸ್ಕೂಲ್ ಮೇಷ್ಟ್ರು:
ಒಪ್ಪಿದೆ, ಅರ್ಧ. ಅಡಿಟಿಪ್ಪಣಿಗೆ ಚುಕ್ಕಿ ಇರಲಿ. ಪಠ್ಯದಲ್ಲಿ ಕಿ.ಮೀ. ಮಾತ್ರ ನನಗೆ ಈಗಲೂ ಕಣ್ಣಿಗೆ ಚುಚ್ಚುತ್ತದೆ. ಅಂತರರಾಷ್ಟ್ರೀಯ ಮಾನಗಳ ಪದ್ಧತಿಯಲ್ಲಿ ಮಾನದ ಚಿಹ್ನೆಗೆ ಚುಕ್ಕಿಯೂ ಇಲ್ಲ, ಬಹುವಚನವೂ ಇಲ್ಲ. ನಮ್ಮವರು ‘5 ಕಿ.ಗ್ರಾಂ.ಗಳು’ ಅಂತ ಎರಡನ್ನೂ ಸೇರಿಸಿ ಬರೆಯುತ್ತಾರೆ.

ನಿವೃತ್ತ ಗುಮಾಸ್ತ:
ಎಲ್ಲರೂ ಚುಕ್ಕಿ ಚುಕ್ಕಿ ಅನ್ನುತ್ತಿದ್ದೀರಿ. ನಮ್ಮ ಕಾಲದಲ್ಲಿ ಚುಕ್ಕಿ ಎಲ್ಲಿತ್ತು? ಸಾ॥ ತಾ॥ ಜಿ॥ ಅಂತ ಎರಡು ಗೀಟು ಎಳೆಯುತ್ತಿದ್ದೆವು. ಸಾ॥ ಅಂದರೆ ಸಾಕೀನ್, ಅಂದರೆ ಇಂಥ ಊರಿನ ವಾಸಿ. ಈಗಿನ ಹುಡುಗರು ಅದನ್ನು ‘ಸಾಲು’ ಅಂದುಕೊಳ್ಳುತ್ತಾರೆ. ಹಳೇ ಪುಸ್ತಕದ ರಕ್ಷಾಪುಟದಲ್ಲಿ ಡಾ॥ ಅಂತ ಇರುತ್ತದೆ ನೋಡಿ, ಅದೂ ಇದೇ. ಕೈಬರಹದಲ್ಲಿ ಗೀಟು ಎದ್ದು ಕಾಣುತ್ತದೆ, ಚುಕ್ಕಿ ಶಾಯಿಯ ಕಲೆಯೋ ಏನೋ ಅಂತ ಅನುಮಾನ ಬರುತ್ತದೆ.

ತುಂಗಾತೀರ:
ಚೆನ್ನಾಗಿದೆ ಸರ್. ನನ್ನ ಅನುಬಂಧದಲ್ಲಿ ಕೆಲವು ಹಳೇ ಕಾಗದಪತ್ರಗಳಿವೆ, ಅದರಲ್ಲಿ ಈ ಗೀಟು ಇದೆ. ಅದನ್ನು ಚುಕ್ಕಿಗೆ ಬದಲಾಯಿಸಬೇಕಾ?

ಶಾಸನಪ್ರಿಯ:
ಬೇಡವೇ ಬೇಡ. ಮೂಲ ಪಾಠದಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು. ಬಿಡಿಸಿ ಬರೆಯುವುದಿದ್ದರೆ ನೀವು ಸೇರಿಸಿದ್ದನ್ನು ಚೌಕಾವರಣದಲ್ಲಿ ಕೊಡಿ. ತಾ[ಲ್ಲೂಕು] ಅನ್ನೋ ಹಾಗೆ.

ಹಳೇ ಕೋರ್ಟ್ ಬೀದಿ:
ಇತಿಹಾಸದವರಿಗೆ ಸಂಬಂಧ ಇಲ್ಲ ಅನ್ನಬಹುದು, ಆದರೂ ಹೇಳುತ್ತೇನೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಹೇಳೋದು: ಬಿಎನ್‌ಎಸ್, ಬಿಎನ್‌ಎಸ್‌ಎಸ್. ನಡುವೆ ಒಂದು ‘ಎಸ್’ ವ್ಯತ್ಯಾಸ ಅಷ್ಟೇ. ಬಿಎನ್‌ಎಸ್ ಕಲಂ 103 ಕೊಲೆಯದು, ಹಿಂದಿನ ಐಪಿಸಿ 302. ಬಿಎನ್‌ಎಸ್‌ಎಸ್ ಕಲಂ 103 ಬಾಗಿಲು ಹಾಕಿದ ಜಾಗವನ್ನು ಶೋಧಿಸುವಾಗ ಒಳಗಿನವರು ಅವಕಾಶ ಕೊಡಬೇಕು ಅನ್ನೋದು. ಟೈಪಿಸ್ಟ್ ಕೈಯಲ್ಲಿ ಒಂದು ‘ಎಸ್’ ಜಾಸ್ತಿ ಬಿದ್ದರೆ ಕೊಲೆ ಕೇಸು ಮನೆ ಶೋಧಕ್ಕೆ ಇಳಿಯುತ್ತದೆ. ಅದಕ್ಕೆ ನಮ್ಮ ಆಫೀಸಿನಲ್ಲಿ ಮೊದಲ ಸಲ ಕಾಯ್ದೆಯ ಪೂರ್ತಿ ಹೆಸರು, ಇಸವಿ ಸಮೇತ. ಆಮೇಲೆ ಬೇಕಾದರೆ ‘ನ್ಯಾಯ ಸಂಹಿತೆ’, ‘ಸುರಕ್ಷಾ ಸಂಹಿತೆ’ ಅಂತ ಗಿಡ್ಡ ಹೆಸರು. ನಾಲ್ಕಕ್ಷರ ಉಳಿಸಲು ಹೋಗಿ ಎಡವೋದು ಯಾಕೆ?

ಬಿಸಿಲೂರು:
ಎಸ್ ಎಸ್ ಅಂತ ಹಾವು ಬುಸುಗುಟ್ಟಿದ ಹಾಗಿದೆ 😄

ಲ್ಯಾಬ್ ಹುಡುಗಿ:
ಇಂಗ್ಲಿಷಿನಲ್ಲಿ ಪೇಪರ್ ಬರೆಯುವವರಿಗಾಗಿ ಒಂದೆರಡು ಮಾತು ಸೇರಿಸುತ್ತೇನೆ. ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘ) ಶೈಲಿಯಲ್ಲಿ ಸಂಕ್ಷೇಪವನ್ನು ಮೊದಲ ಸಲ ಬಿಡಿಸಿ ಬರೆಯಬೇಕು, ಮತ್ತು ಪೇಪರಿನಲ್ಲಿ ಅದು ಕನಿಷ್ಠ ಮೂರು ಸಲವಾದರೂ ಬರುವುದಿದ್ದರೆ ಮಾತ್ರ ಸಂಕ್ಷೇಪ ಮಾಡಿಕೊಳ್ಳಬೇಕು. ಸಾರಾಂಶದಲ್ಲಿ ಬಿಡಿಸಿ ಬರೆದಿದ್ದರೂ ಪಠ್ಯದಲ್ಲಿ ಮತ್ತೆ ಬಿಡಿಸಬೇಕು. ಎಷ್ಟೋ ಜನ ಸಾರಾಂಶ ಮಾತ್ರ ಓದುತ್ತಾರೆ, ಇನ್ನು ಕೆಲವರು ಅದನ್ನು ಬಿಟ್ಟೇ ಓದುತ್ತಾರೆ. ‘ಎಟ್ ಆಲ್’ (ಮತ್ತು ಇತರರು) ವಿಷಯದಲ್ಲಿ ಎಪಿಎ ಕೈಪಿಡಿಯ 7ನೆಯ ಆವೃತ್ತಿ ಕೆಲಸ ಹಗುರ ಮಾಡಿದೆ. ಮೂವರು ಅಥವಾ ಜಾಸ್ತಿ ಲೇಖಕರಿದ್ದರೆ ಮೊದಲ ಉಲ್ಲೇಖದಲ್ಲೇ ಹಾಕಬಹುದು. ಹಿಂದಿನ ಆವೃತ್ತಿಯಲ್ಲಿ ಐವರ ತನಕ ಮೊದಲ ಸಲ ಎಲ್ಲರ ಹೆಸರೂ ಬೇಕಿತ್ತು.

ನಮ್ಮಲ್ಲಿ ಇನ್ನೊಂದು ಚಾಳಿ ಇದೆ. ಎಚ್‌ಐವಿ ವೈರಸ್ ಅನ್ನೋದು. ಆ ‘ವಿ’ಯೇ ವೈರಸ್.

ತುಂಗಾತೀರ:
ನನ್ನದು ಕನ್ನಡ ಪ್ರಬಂಧ ಆದ್ದರಿಂದ ‘ಎಟ್ ಆಲ್’ಗೆ ‘ಮತ್ತು ಇತರರು’ ಅಂತ ಹಾಕಿದ್ದೇನೆ. ಸರಿ ತಾನೇ? ಇನ್ನೊಂದು ದೊಡ್ಡ ಪ್ರಶ್ನೆ ಉಳಿದಿದೆ. ನನ್ನ ಗೈಡ್ ಕ್ರಿ.ಶ. ಬೇಡ, ಸಾ.ಶ. ಹಾಕು ಅಂತಾರೆ. ನಾನು ‘ಎಲ್ಲ ಬದಲಾಯಿಸು’ ಕೊಟ್ಟು ಮುಗಿಸಿಬಿಟ್ಟೆ.

ಶಾಸನಪ್ರಿಯ:
‘ಮತ್ತು ಇತರರು’ ಚೆನ್ನಾಗಿಯೇ ಇದೆ.

ಸಾ.ಶ. ವಿಷಯದಲ್ಲಿ ಮಾತ್ರ ಹುಷಾರು. ಸಾಮಾನ್ಯ ಶಕಕ್ಕೆ (ಎಣಿಕೆ ಕ್ರಿ.ಶ.ದ್ದೇ) ಸಾ.ಶ. ಅನ್ನೋದು ಈಗ ಹೆಚ್ಚು ಬಳಕೆಯಲ್ಲಿದೆ, ತೊಂದರೆ ಇಲ್ಲ. ಆದರೆ ಶಾಸನ ಓದುವವರಿಗೆ ಶಾ.ಶ. ಕೂಡ ದಿನಾ ಬೇಕು, ಶಾಲಿವಾಹನ ಶಕ. ಎರಡಕ್ಕೂ ಇರುವ ವ್ಯತ್ಯಾಸ ‘ಸ’ಕ್ಕೂ ‘ಶ’ಕ್ಕೂ ಇರುವಷ್ಟೇ. ಕೀಲಿಮಣೆಯಲ್ಲಿ ಬೆರಳು ಜಾರಿದರೆ ಆಯಿತು. ಬರೆದುಕೊಳ್ಳಲು ಹೇಳಿದರೆ ಕಿವಿ ಜಾರಿದರೂ ಆಯಿತು, ಸ, ಶ ಒಂದೇ ಥರ ಹೇಳುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಪರಿಣಾಮ ಮಾತ್ರ 78 ವರ್ಷ.

ಐಹೊಳೆ ಶಾಸನವನ್ನೇ ತೆಗೆದುಕೊಳ್ಳಿ. ಶಕ ವರ್ಷ 556, ಅಂದರೆ ಸಾ.ಶ. 634. ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲ. ಅದೇ ಸಾಲು ತಪ್ಪಿ ‘ಶಾ.ಶ. 634’ ಅಂತ ಅಚ್ಚಾದರೆ 712ಕ್ಕೆ ಹೋಗುತ್ತದೆ. ಆಗ ಬಾದಾಮಿಯಲ್ಲಿ ವಿಜಯಾದಿತ್ಯ ಇದ್ದ. ಆ ಶಾಸನ ಬರೆದ, ಪುಲಕೇಶಿಯ ಆಸ್ಥಾನದ ರವಿಕೀರ್ತಿಯನ್ನು ನೀವು ವಿಜಯಾದಿತ್ಯನ ಕಾಲಕ್ಕೆ ತಂದು ನಿಲ್ಲಿಸಿದ ಹಾಗಾಯಿತು. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಇದು ತಪ್ಪು ಅಂತ ಗೊತ್ತಾಗುವುದೇ ಇಲ್ಲ. ಎರಡೂ ಸರಿಯಾದ ಸಂಕ್ಷೇಪಗಳೇ.

ನನ್ನ ಸಲಹೆ: ಸಾ.ಶ. ಇಟ್ಟುಕೊಂಡರೆ ಶಾಲಿವಾಹನ ಶಕವನ್ನು ಸಂಕ್ಷೇಪ ಮಾಡಲೇಬೇಡಿ. ‘ಶಕ ವರ್ಷ 556’ ಅಂತ ಬರೆಯಿರಿ. ಶಾಸನಗಳಲ್ಲೂ ಬಹಳ ಕಡೆ ‘ಶಕವರ್ಷ’ ಅಂತಲೇ ಇರುತ್ತದೆ, ಹಾಗಾಗಿ ಕೇಳಲೂ ಸಹಜ. ಮತ್ತೆ ‘ಎಲ್ಲ ಬದಲಾಯಿಸು’ ಕೊಟ್ಟಿದ್ದೀರಿ ಅಂದಿರಿ. ಬೇರೆಯವರ ಪುಸ್ತಕದಿಂದ ಉದ್ಧರಿಸಿದ ಸಾಲುಗಳಲ್ಲೂ ಕ್ರಿ.ಶ. ಹೋಗಿ ಸಾ.ಶ. ಬಂದಿರುತ್ತದೆ. ಉದ್ಧರಣ ಚಿಹ್ನೆಯೊಳಗೆ ಇದ್ದದ್ದನ್ನು ವಾಪಸ್ ಹಾಕಿ. ಅದು ಅವರ ಮಾತು, ಬದಲಾಯಿಸುವ ಹಕ್ಕು ನಮಗಿಲ್ಲ.

ತುಂಗಾತೀರ:
ಸರ್, ಉದ್ಧರಣೆಯ ವಿಷಯ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಜಾಗರಣೆ.

ಲ್ಯಾಬ್ ಹುಡುಗಿ:
ನನಗೊಂದು ಕುತೂಹಲ. ಕುವೆಂಪು ಅನ್ನೋದೂ ಸಂಕ್ಷೇಪವೇ ಅಲ್ವಾ? ಗ್ರಂಥಸೂಚಿಯಲ್ಲಿ ಏನು ಮಾಡುತ್ತೀರಿ? ಅನಕೃ, ತರಾಸು, ಪುತಿನ, ತೀನಂಶ್ರೀ, ಡಿವಿಜಿ... ನಮ್ಮ ಸಾಹಿತ್ಯದಲ್ಲಿ ಅರ್ಧಕ್ಕರ್ಧ ಸಂಕ್ಷೇಪಗಳೇ.

ಕರಡು ತಿದ್ದುವವಳು:
ಒಳ್ಳೇ ಪ್ರಶ್ನೆ. ಕುವೆಂಪು ಈಗ ಪೂರ್ತಿ ಹೆಸರೇ ಆಗಿದೆ. ಚುಕ್ಕಿ ಬೇಡ, ‘ಕು’ ಅಡಿಯಲ್ಲೇ ಬರಲಿ. ಪುಸ್ತಕದ ಮೇಲೆ ಹೆಸರು ಹೇಗಿದೆಯೋ ಹಾಗೆ ಕೊಡೋದು ಸುರಕ್ಷಿತ. ಒಬ್ಬರೇ ಲೇಖಕರು ಒಂದು ಪುಸ್ತಕದ ಮೇಲೆ ಪೂರ್ತಿ ಹೆಸರು, ಇನ್ನೊಂದರ ಮೇಲೆ ಗಿಡ್ಡ ಹೆಸರು ಹಾಕಿದ್ದರೆ ಒಂದು ಕಡೆ ಇಟ್ಟು ಇನ್ನೊಂದು ಕಡೆಯಿಂದ ‘ನೋಡಿ’ ಅಂತ ಸೂಚನೆ ಕೊಡಿ. ‘ಅ.ನ. ಕೃಷ್ಣರಾಯ: ನೋಡಿ ಅನಕೃ’ ಅನ್ನೋ ಹಾಗೆ. ಇಲ್ಲದಿದ್ದರೆ ಒಬ್ಬರೇ ಇಬ್ಬರಾಗಿಬಿಡುತ್ತಾರೆ.

ಇಂಗ್ಲಿಷ್ ಶೈಲಿಯಲ್ಲಿ ಮನೆತನದ ಹೆಸರು ಮೊದಲು, ಉಳಿದದ್ದು ಸಂಕ್ಷೇಪ. ನಮ್ಮಲ್ಲಿ ತುಂಬಾ ಜನಕ್ಕೆ ಮನೆತನದ ಹೆಸರೇ ಇರಲ್ಲ. ಇನಿಷಿಯಲ್ ಅಂದರೆ ಊರು, ಅಪ್ಪನ ಹೆಸರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಅವರಲ್ಲಿ ತಳುಕು ಊರು, ರಾಮಸ್ವಾಮಯ್ಯ ತಂದೆ. ‘ಸುಬ್ಬರಾವ್, ತ.ರಾ.’ ಅಂತ ತಂತ್ರಾಂಶ ಹಾಕಿದರೆ ಹೇಗೋ ಸರಿ ಹೋಗುತ್ತದೆ. ಆದರೆ ಕೆಲವು ಸಲ ಅದೇ ತಂತ್ರಾಂಶ ಅಪ್ಪನ ಹೆಸರನ್ನು ಮುಂದೆ ತಂದು ಮಗನ ಹೆಸರನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಪಟ್ಟಿಯನ್ನು ಒಮ್ಮೆ ಕಣ್ಣಿನಿಂದಲೇ ನೋಡಬೇಕು, ಬೇರೆ ದಾರಿ ಇಲ್ಲ.

ಬಿಸಿಲೂರು:
ಸಂಕ್ಷೇಪಗಳ ಪಟ್ಟಿ ಎಲ್ಲಿ ಹಾಕೋದು? ಮುಂದೆಯೋ ಹಿಂದೆಯೋ?

ಕರಡು ತಿದ್ದುವವಳು:
ಮುಂದೆ, ಪರಿವಿಡಿ ಆದ ಮೇಲೆ. ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲೂ ಸಂಕ್ಷೇಪಗಳ ಪಟ್ಟಿ ಮುಂಭಾಗದಲ್ಲೇ ಇದೆ. ಅಕಾರಾದಿಯಾಗಿ ಜೋಡಿಸಿ. ಪ್ರಬಂಧದಲ್ಲಿ ಬಳಸದೆ ಇರುವುದನ್ನು ಸೇರಿಸಬೇಡಿ. ಹಿಂದಿನವರ ಪ್ರಬಂಧದಿಂದ ಪಟ್ಟಿ ಎತ್ತಿ ಅಂಟಿಸುವವರು ಇದ್ದಾರೆ, ಪಟ್ಟಿಯಲ್ಲಿ ಇರೋದು ಒಳಗೆ ಎಲ್ಲೂ ಇರಲ್ಲ. ಡಾ., ಪು., ಉದಾ. ಇಂಥ ಎಲ್ಲರಿಗೂ ಗೊತ್ತಿರೋದೂ ಪಟ್ಟಿಗೆ ಬೇಕಿಲ್ಲ.

ತುಂಗಾತೀರ:
ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ಅಧ್ಯಾಯ ತಿದ್ದಿದೆ. ಈಗ ಆ ಟಿಪ್ಪಣಿ ಹೀಗಿದೆ:

‘12. ಎ.ಕ. (ರೈಸ್), ಸಂಪು. 7, ಶಿಕಾ. 176.
13. ಅದೇ.’

ರೈಸ್ ಸಂಪಾದಕರು ಅನ್ನೋದನ್ನ ಪ್ರತಿ ಸಲ ಹೇಳೋದು ಬೇಡ ಅಂತ ಪಟ್ಟಿಗೆ ಹಾಕಿದೆ. ‘ಐಬಿಡ್’ ತೆಗೆದು ‘ಅದೇ’ ಮಾಡಿದೆ. ಇದು ನಡೆಯುತ್ತದಾ?

ಶಾಸನಪ್ರಿಯ:
ಈಗ ಯಾರು ಬೇಕಾದರೂ ಹುಡುಕಬಹುದು. ಪಟ್ಟಿಯಲ್ಲಿ ರೈಸ್ ಆವೃತ್ತಿ, ಪರಿಷ್ಕೃತ ಆವೃತ್ತಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಿ.

ಕರಡು ತಿದ್ದುವವಳು:
‘ಅದೇ’ ಪದ ಚೆನ್ನಾಗಿದೆ, ಆದರೆ ಈಗಲೇ ಹಾಕಬೇಡಿ. ನಾಳೆ ನಿಮ್ಮ ಗೈಡ್ ಬಂದು 12ಕ್ಕೂ 13ಕ್ಕೂ ನಡುವೆ ಹೊಸ ಟಿಪ್ಪಣಿ ಸೇರಿಸು ಅಂದರೆ ಆ ‘ಅದೇ’ ಹೊಸ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಟಿಪ್ಪಣಿ ಸಂಖ್ಯೆ ತಾನಾಗಿ ಬದಲಾಗುತ್ತದೆ, ‘ಅದೇ’ ಬದಲಾಗಲ್ಲ. ಉಲ್ಲೇಖ ಶೈಲಿಯ ಶಿಕಾಗೊ ಕೈಪಿಡಿ ಕೂಡ 17ನೆಯ ಆವೃತ್ತಿಯಿಂದ ‘ಐಬಿಡ್’ ಬದಲು ಗಿಡ್ಡ ಉಲ್ಲೇಖವನ್ನೇ ಮತ್ತೆ ಕೊಡಿ ಅನ್ನುತ್ತದೆ. ‘ಎ.ಕ. (ರೈಸ್), ಸಂಪು. 7, ಶಿಕಾ. 176’ ಅಂತ ಇನ್ನೊಮ್ಮೆ ಬರೆದರೆ ಹೋಗೋದು ಅರ್ಧ ಸಾಲು. ‘ಅದೇ’ ಬೇಕೇ ಬೇಕು ಅಂದರೆ ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ಹಾಕಿ.

ತುಂಗಾತೀರ:
ಗೈಡ್ ಸೋಮವಾರ ಬರುತ್ತಾರೆ ಮೇಡಂ. ಅಲ್ಲಿಯ ತನಕ ‘ಅದೇ’ ಎಲ್ಲ ತೆಗೆದಿಡುತ್ತೇನೆ.